ಡಬ್ಬಿಯ ಮೇಲಿನ ಚೌಕವನ್ನು ಓದುವ ಬಗೆ



ಹಲ್ಲು ನೋಡಿ ಎತ್ತಿನ ವಯಸ್ಸು ಹೇಳುವವರು ನೀವು. ಎಲೆಯ ಬಣ್ಣ ನೋಡಿ ಪೈರಿಗೆ ಏನು ಸಾಲದೆಂದು ತಿಳಿಯುವವರು. ಗುರುತು ಓದುವುದನ್ನು ನಿಮಗೆ ನಾನು ಕಲಿಸಬೇಕಾಗಿಲ್ಲ. ಆದರೆ ಅಚ್ಚಾದ ಚಿತ್ರದ ರೀತಿ ಬೇರೆ. ಇದಕ್ಕೆ ಇದೇ ಅರ್ಥವೆಂದು ಯಾರೋ ಮೊದಲೇ ಗೊತ್ತುಮಾಡಿರುತ್ತಾರೆ. ಆ ಕಟ್ಟಳೆ ತಿಳಿಯದೆ ನೋಡಿದರೆ ಚಿತ್ರವೇ ದಾರಿ ತಪ್ಪಿಸುತ್ತದೆ.

ಮೊನ್ನೆ ಚಾವಡಿಯಲ್ಲಿ ಹಸಿರು ಗುರುತಿನ ಕೀಟನಾಶಕದ ಡಬ್ಬಿ ತೋರಿಸಿ, ಇದರ ಅರ್ಥವೇನೆಂದು ಕೇಳಿದೆ. ಹಿರಿಯರೊಬ್ಬರು, "ಬಿಸ್ಕತ್ತಿನ ಪೊಟ್ಟಣದ ಮೇಲೂ ಹಸಿರು ಇರ್ತದಲ್ಲ ಸ್ವಾಮಿ, ತೊಂದರೆಯಿಲ್ಲ ಅಂತ ತಾನೆ?" ಎಂದರು. ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಬಿಸ್ಕತ್ತಿನ ಮೇಲಿನ ಹಸಿರು ಚುಕ್ಕೆ ಸಸ್ಯಾಹಾರದ ಗುರುತು. ಅವರು ಓದಿದ್ದು ಸರಿಯೇ, ಓದಿದ ಜಾಗ ಮಾತ್ರ ತಪ್ಪು.

1971ರ ಕೀಟನಾಶಕ ನಿಯಮಗಳಂತೆ ಪ್ರತಿ ಡಬ್ಬಿಯ ಚೀಟಿಯ ಮೇಲೂ ಮೂಲೆಯ ಮೇಲೆ ನಿಂತ ಒಂದು ಚೌಕವಿರತಕ್ಕದ್ದು. ಅದರೊಳಗೆ ಎರಡು ತ್ರಿಕೋನ. ಕೆಳಗಿನದರಲ್ಲಿ ಬಣ್ಣ, ಮೇಲಿನದರಲ್ಲಿ ಮಾತು. ಕೆಂಪಿನ ಮೇಲೆ ತಲೆಬುರುಡೆ, ಅಡ್ಡ ಎಲುಬು ಮತ್ತು "ವಿಷ" ಎಂಬ ಮಾತು. ಹಳದಿಯ ಮೇಲೂ "ವಿಷ"ವೇ, ಆದರೆ ಬುರುಡೆ ಇಲ್ಲ. ನೀಲಿಗೆ "ಅಪಾಯ", ಹಸಿರಿಗೆ "ಎಚ್ಚರಿಕೆ". ಭಯವಿಲ್ಲ ಎಂದು ಹೇಳುವ ಬಣ್ಣ ಈ ನಾಲ್ಕರಲ್ಲಿ ಒಂದೂ ಇಲ್ಲ.

ಬುರುಡೆಯನ್ನಷ್ಟೇ ಹುಡುಕುವವರು ಬಹಳ. ಪ್ಯಾರಾಕ್ವಾಟ್ ಎಂಬ ಕಳೆನಾಶಕದ ಗುರುತು ಹಳದಿ. ಅದನ್ನು ನುಂಗಿದವರಿಗೆ ಕೊಡಲು ಪ್ರತಿವಿಷವೇ ಇಲ್ಲ.

ಇನ್ನು ಕೆಲವರು ಕೆಂಪು ಇದ್ದರೆ ಹುಳು ಬೇಗ ಸಾಯುತ್ತದೆಂದು ಕೇಳಿ ಕೊಳ್ಳುತ್ತಾರೆ. ಬಣ್ಣ ಹುಳುವಿನ ಮಾತು ಹೇಳುವುದಿಲ್ಲ. ಹೊಟ್ಟೆಗೆ ಹೋದರೆ, ಮೈಗೆ ತಾಗಿದರೆ ಎಷ್ಟು ಸ್ವಲ್ಪದಲ್ಲಿ ಜೀವಕ್ಕೆ ಅಪಾಯ ಎಂಬುದನ್ನು ಹೇಳುತ್ತದೆ. ಜೇನುಹುಳು, ಕೆರೆಯ ಮೀನುಗಳ ವಿಷಯವನ್ನೂ ಅದರಿಂದ ತಿಳಿಯಲಾಗದು. ಚೀಟಿಯ ಮೇಲಿನ ಕೊಬ್ಬಿದ ಹತ್ತಿಕಾಯಿಯ ಚಿತ್ರವಂತೂ ಮಾರುವವರ ಚಿತ್ರ, ಅದನ್ನು ಬಿಡಿ. ನಾವೆಲ್ಲ ಇದನ್ನು "ಔಷಧಿ" ಎನ್ನುತ್ತೇವೆ, ನಾನೂ ಎನ್ನುತ್ತೇನೆ. ಮನೆಯ ಮಕ್ಕಳು ಅದನ್ನೇ ಕೇಳಿ ಬೆಳೆಯುತ್ತಾರೆ.

ಇವತ್ತು ಸಂಜೆ ಕೊಟ್ಟಿಗೆಯ ಗೂಡಿನಲ್ಲಿರುವ ಡಬ್ಬಿಗಳನ್ನು ಇಳಿಸಿ, ಮನೆಯವರನ್ನೆಲ್ಲ ಕೂರಿಸಿಕೊಂಡು ಚೌಕಗಳನ್ನು ಓದಿ. ಮಕ್ಕಳ ಕೈಗೆ ಮಾತ್ರ ಕೊಡಬೇಡಿ. ಚೀಟಿ ಹರಿದ ಡಬ್ಬಿಯಿಂದ ಸಿಂಪಡಿಸಬೇಡಿ. ಅಕಸ್ಮಾತ್ ಯಾರಾದರೂ ನುಂಗಿದರೆ, ಅವರ ಜೊತೆಗೆ ಆ ಡಬ್ಬಿಯನ್ನೂ ಚೀಟಿ ಸಮೇತ ಆಸ್ಪತ್ರೆಗೆ ಒಯ್ಯಿರಿ. ಯಾವ ವಿಷವೆಂದು ಡಾಕ್ಟರು ಅದರಿಂದಲೇ ತಿಳಿಯಬೇಕು.