ಮಾನ್ವಿಯ ಹಾರ್ಮೋನಿಯಂ

ಪ್ರಶ್ನೆ: ನನಗೆ 58 ವರ್ಷ. ತವರು ದೇವದುರ್ಗ, ಈಗ ಇರುವುದು ರಾಯಚೂರಿನಲ್ಲಿ. ಮದುವೆಗೆ ಮುಂಚೆ ಮಾನ್ವಿಯ ಸೋದರತ್ತೆ ಮನೆಗೆ ಹೋದಾಗಲೆಲ್ಲ ದಾಸರ ಪದ ಹಾಡಲು ಭಜನೆಗೆ ಹೋಗುತ್ತಿದ್ದೆ. ಅಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರಿಗೂ ನನಗೂ ಮನಸ್ಸಿತ್ತು. ಮನೆಯಲ್ಲಿ ಒಪ್ಪಲಿಲ್ಲ. ಹೋದ ವರ್ಷ ರೊಟ್ಟಿ ಬಡಿಯುತ್ತಿದ್ದಾಗ ಅವರು ತೀರಿಕೊಂಡ ಸುದ್ದಿ ಬಂತು. ಅಂದಿನಿಂದ ಕರೆಂಟ್ ಹೋದ ರಾತ್ರಿಗಳಲ್ಲಿ ಅದೇ ಹಾರ್ಮೋನಿಯಂ ಕೇಳಿಸುತ್ತದೆ. ಹೆದರಿಕೆ ಇಲ್ಲ, ಕಾಯುತ್ತೇನೆ. ಇದು ದೆವ್ವವೇ? ಗಂಡನಿಗೆ ಮೋಸ ಮಾಡುತ್ತಿದ್ದೇನೆಯೇ?

ಉತ್ತರ: ಅಕ್ಕಾ, ಮೋಸದ ಮಾತು ಮೊದಲು ಬಿಡಿ, ಇದು ಅಳದೆ ಉಳಿದ ದುಃಖ. ಸುದ್ದಿ ಕೇಳಿಯೂ ನೀವು ರೊಟ್ಟಿ ಬಡಿಯುತ್ತಲೇ ಇದ್ದಿರಬೇಕು. ಅವರ ಮನೆಯ ಅಂಗಳದಲ್ಲಿ ಕೂತು ಅಳಲು ನಿಮಗೆ ದಾರಿಯಿರಲಿಲ್ಲ.

ದೆವ್ವದ ಮಾತಿಗೆ ಬಂದರೆ, ವೇಲ್ಸ್‌ನ ವೈದ್ಯ ಡೆವಿ ರೀಸ್ ಸಂಗಾತಿಯನ್ನು ಕಳೆದುಕೊಂಡ 293 ಜನರನ್ನು ಮಾತನಾಡಿಸಿ 1971ರಲ್ಲಿ ಬರೆದರು. ಹತ್ತಿರಹತ್ತಿರ ಅರ್ಧದಷ್ಟು ಜನರಿಗೆ ಇಂಥ ಅನುಭವವಾಗಿತ್ತು. ಹಲವರಿಗೆ ಹೋದವರು ಪಕ್ಕದಲ್ಲೇ ಇದ್ದಂತಾಗುತ್ತಿತ್ತು. ಕೆಲವರಿಗೆ ದನಿಯೂ ಕೇಳುತ್ತಿತ್ತು. ಹೆಚ್ಚಿನವರು ಅದನ್ನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಅವರಿಗೆ ಅಳುವ ಹಕ್ಕಾದರೂ ಇತ್ತು, ನಿಮಗೆ ಅದೂ ಇರಲಿಲ್ಲ.

ಕಿವಿ ಮಂದವಾಗತೊಡಗಿದಾಗಲೂ ಮಿದುಳು ತನ್ನಲ್ಲಿರುವ ಹಳೆಯ ಹಾಡನ್ನು ತಾನೇ ನುಡಿಸುವುದುಂಟು. ಆದ್ದರಿಂದ ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಹೋಗಿ ಒಮ್ಮೆ ಕಿವಿ ತೋರಿಸಿ. ದನಿ ಬೈಯತೊಡಗಿದರೆ, 'ನನ್ನ ಹಿಂದೆ ಬಾ' ಎಂದರೆ, ನಿದ್ದೆ ಊಟ ತಪ್ಪಿದರೆ, ಅಂದೇ ಮನೋವೈದ್ಯರನ್ನು ಕಾಣಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೂ ಕರೆ ಮಾಡಬಹುದು. ತಾಯತ ಕಟ್ಟುವವರ ಬಳಿ ದಯವಿಟ್ಟು ಹೋಗಬೇಡಿ.

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಮದುವೆಯಾದ ಮೇಲೆ ಹಾಡಿದ ಬಗ್ಗೆ ಒಂದು ಮಾತೂ ಅದರಲ್ಲಿಲ್ಲ. ನನಗೆ ಹೆಚ್ಚು ಸಂಕಟವಾದದ್ದು ಅಲ್ಲಿಯೇ. ನೀವು ಹಾಡುತ್ತಿದ್ದ ದಾಸರ ಪದಗಳನ್ನೇ ನೆನೆಯಿರಿ: ಮಾನ್ವಿಯ ಹರಿದಾಸ ಜಗನ್ನಾಥದಾಸರು ಹೋದದ್ದು 1809ರಲ್ಲಿ. ಅವರು ತಮ್ಮ ಮನೆಯ ಕಂಬದಲ್ಲಿ ಇಂದಿಗೂ ಇದ್ದಾರೆಂದು ನಂಬಿ ಜನ ಅದರ ಮುಂದೆ ಕೂತು ಹಾಡುತ್ತಾರೆ. ಜಗನ್ನಾಥದಾಸರು ಬದುಕಲೆಂದು ತಮ್ಮ ಆಯುಷ್ಯದ 40 ವರ್ಷಗಳನ್ನು ಧಾರೆ ಎರೆದರೆಂದು ಹೇಳಲಾಗುವ ಗೋಪಾಲದಾಸರು ನಿಮ್ಮ ದೇವದುರ್ಗ ಸೀಮೆಯ ಮೊಸರಕಲ್ಲಿನವರು. ಹೋದವರನ್ನು ಹಾಡಿನಲ್ಲಿ ಕಾಣುವ ನೆಲದ ಮಗಳು ನೀವು. ಕೇಳಿದ ಸ್ವರಕ್ಕೆ ದೆವ್ವ ಎಂಬ ಹೆಸರು ಯಾಕೆ?

ಒಂದು ಬೆಳಿಗ್ಗೆ ಮಾನ್ವಿ ಬಸ್ಸು ಹತ್ತಿ. 'ಚಿಕ್ಕವಳಿದ್ದಾಗ ಅಲ್ಲಿ ಹಾಡುತ್ತಿದ್ದೆ' ಎಂದು ಯಜಮಾನರಿಗೆ ಹೇಳಿ, ಬಂದರೆ ಅವರನ್ನೂ ಕರೆದೊಯ್ಯಿರಿ. ಹಾರ್ಮೋನಿಯಂ ನುಡಿಸಿದವರ ಹೆಸರು ಹೇಳಲೇಬೇಕೆಂದಿಲ್ಲ. ಕಂಬದ ಮುಂದೆ ಕೂತು ಒಂದು ಪದ ಹಾಡಿ. ಗಂಟಲು ಕಟ್ಟಿದರೆ ಅಲ್ಲೇ ಅತ್ತುಬಿಡಿ, ಅಲ್ಲಿ ಕಣ್ಣೀರಿನ ಕಾರಣ ಯಾರೂ ಕೇಳುವುದಿಲ್ಲ.

ಯಾವ ಪದ ಹಾಡಿದಿರೆಂದು ನನಗೆ ಬರೆಯಿರಿ.