ಮೇಸ್ತ್ರಿಯ ಲೆವೆಲ್ ಪೈಪಿನಲ್ಲಿ ಕಾರ್ಬುರೇಟರ್ ಸಿಂಕ್

ರಾಬರ್ಟ್‌ಸನ್‌ಪೇಟೆಯಲ್ಲಿ ಓಡಾಡುವ ಬೈಕುಗಳಲ್ಲಿ ಹೆಚ್ಚಿನವಕ್ಕೆ ಒಂದೇ ಸಿಲಿಂಡರ್. ಹಾಗಾಗಿ ಸಿಂಕ್ ಮಾಡೋ ಪ್ರಶ್ನೆಯೇ ಬರಲ್ಲ. ಆದರೆ ಎರಡು ಸಿಲಿಂಡರ್, ಎರಡು ಕಾರ್ಬುರೇಟರ್ ಇರುವ ಹಳೇ ಫೋರ್‌ಸ್ಟ್ರೋಕ್ ಬೈಕ್ ಒಂದು ಕೈಗೆ ಸಿಕ್ಕಿತು ಅಂತಿಟ್ಟುಕೊಳ್ಳಿ. ಆಗ ಫ್ಲೂಯಿಡ್ ಮೆಕ್ಯಾನಿಕ್ಸ್ ಲ್ಯಾಬಿನ ಯು-ಟ್ಯೂಬ್ ಮ್ಯಾನೋಮೀಟರ್ ನಿಜವಾಗಿ ಕೆಲಸಕ್ಕೆ ಬರತ್ತೆ.

ಸಿಂಕ್ ಯಾಕೆ ಬೇಕು?

ಎರಡು ಥ್ರಾಟಲ್‌ಗಳೂ ಸಮನಾಗಿ ತೆರೆಯದಿದ್ದರೆ ಒಂದು ಸಿಲಿಂಡರ್ ಜಾಸ್ತಿ ದುಡಿಯುತ್ತೆ, ಇನ್ನೊಂದು ಅದರ ಬೆನ್ನಿಗೆ ಬೀಳುತ್ತೆ. ಐಡ್ಲಿಂಗ್ ನಿಲ್ಲಲ್ಲ, ಹ್ಯಾಂಡಲ್ ನಡುಗುತ್ತೆ. ಹೆಚ್ಚು ಮುಚ್ಚಿರುವ ಥ್ರಾಟಲ್‌ನ ಕಡೆ ಮ್ಯಾನಿಫೋಲ್ಡ್‌ನಲ್ಲಿ ವ್ಯಾಕ್ಯೂಮ್ ಜಾಸ್ತಿ. ಈ ವ್ಯತ್ಯಾಸವನ್ನೇ ನಾವು ಅಳೆಯೋದು.

ಬೇಕಾದ ಸಾಮಾನು

ಗಾರೆ ಮೇಸ್ತ್ರಿಗಳು ಮಟ್ಟ ನೋಡುವ ಪಾರದರ್ಶಕ ಲೆವೆಲ್ ಪೈಪ್ (ಒಳವ್ಯಾಸ 6 ಮಿ.ಮೀ., ಉದ್ದ 4 ಮೀಟರ್), ಸ್ವಲ್ಪ 2ಟಿ ಆಯಿಲ್, ಅಕ್ವೇರಿಯಂ ಅಂಗಡಿಯ ಎರಡು ಚಿಕ್ಕ ಗಾಳಿ ವಾಲ್ವ್, ಎರಡು ಗಾಜಿನ ಬಾಟಲಿ, ಒಂದು ಹಲಗೆ. ಹಲಗೆ ಮೇಲೆ ಪೈಪನ್ನು 1 ಮೀಟರ್ ಎತ್ತರದ ಯು ಆಕಾರಕ್ಕೆ ಕಟ್ಟಿ, ಎರಡೂ ಕಾಲಿನಲ್ಲಿ ಅರ್ಧದವರೆಗೆ ಆಯಿಲ್ ತುಂಬಿ. ಸುಮಾರು 30 ಮಿ.ಲೀ. ಸಾಕು. ಪಾದರಸ ಬೇಡವೇ ಬೇಡ, ಅದು ವಿಷ. ನೀರೂ ಬೇಡ: ಎಂಜಿನ್ ಒಳಗೆ ಹೋದರೆ ಹಾನಿ. ಸ್ವಲ್ಪ 2ಟಿ ಆಯಿಲ್ ಹೋದರೆ ಹೊಗೆಯಾಗಿ ಹೊರಬರುತ್ತೆ.

ಬಾಟಲಿ ಯಾಕೆ?

ಲೆಕ್ಕ ಹಾಕಿ ನೋಡಿ. ಆಯಿಲ್ ಸಾಂದ್ರತೆ ಸುಮಾರು 870 ಕೆ.ಜಿ./ಘನ ಮೀಟರ್. 1 ಮೀಟರ್ ಮಟ್ಟದ ವ್ಯತ್ಯಾಸ ಅಂದರೆ 870 × 9.81 × 1, ಅಂದಾಜು 8.5 ಕಿಲೋಪಾಸ್ಕಲ್. ಐಡ್ಲಿಂಗ್‌ನಲ್ಲಿ ಮ್ಯಾನಿಫೋಲ್ಡ್ ವ್ಯಾಕ್ಯೂಮ್ 25 ಕಿಲೋಪಾಸ್ಕಲ್ ದಾಟೋದು ಸಾಮಾನ್ಯ. ಎರಡೂ ಕಡೆ ಎಳೆತ ಇದ್ದಾಗ ಆಯಿಲ್ ಮಧ್ಯೆ ನಿಲ್ಲುತ್ತೆ. ಒಂದು ಪೈಪ್ ಕಳಚಿದರೆ ಮುಗೀತು, ಆಯಿಲ್ ಪೂರ್ತಿ ಇನ್ನೊಂದು ಸಿಲಿಂಡರ್‌ಗೆ. ಅದಕ್ಕೇ ಎಂಜಿನ್ ಮತ್ತು ಯು-ಟ್ಯೂಬ್ ನಡುವೆ ಎರಡೂ ಕಡೆ ಗಾಜಿನ ಬಾಟಲಿ ಇಡಬೇಕು. ಪ್ಲಾಸ್ಟಿಕ್ ಬಾಟಲಿ ವ್ಯಾಕ್ಯೂಮ್‌ಗೆ ಮುದುಡಿಕೊಳ್ಳುತ್ತೆ.

ಮಾಡುವ ಕ್ರಮ

1. ಮೊದಲು ವಾಲ್ವ್ ಕ್ಲಿಯರೆನ್ಸ್, ಪ್ಲಗ್, ಏರ್ ಫಿಲ್ಟರ್ ಸರಿ ಮಾಡಿ. ಸಿಂಕ್ ಕೊನೆಯ ಕೆಲಸ.
2. ಎಂಜಿನ್ ಬಿಸಿಯಾಗಲಿ. ಬಯಲಿನಲ್ಲೇ ಕೆಲಸ ಮಾಡಿ. ಮುಚ್ಚಿದ ಶೆಡ್ಡಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೇ ಅಪಾಯ. ನಿಂತ ಬೈಕಿಗೆ ಎದುರಿನಿಂದ ಒಂದು ಫ್ಯಾನ್ ಇಡಿ.
3. ಎಂಜಿನ್ ಆಫ್ ಮಾಡಿ, ಪೈಪುಗಳನ್ನು ಮ್ಯಾನಿಫೋಲ್ಡ್‌ನ ವ್ಯಾಕ್ಯೂಮ್ ಪೋರ್ಟ್‌ಗಳಿಗೆ ಬಿಗಿಯಾಗಿ ಹಾಕಿ.
4. ಸ್ಟಾರ್ಟ್ ಮಾಡಿ. ಆಯಿಲ್ ಕುಣಿದರೆ ಕುಣಿತ ನಿಲ್ಲುವವರೆಗೆ ವಾಲ್ವ್‌ಗಳನ್ನು ಸ್ವಲ್ಪ ಸ್ವಲ್ಪ ಮುಚ್ಚಿ. ಪೂರ್ತಿ ಮುಚ್ಚಿದರೆ ರೀಡಿಂಗ್ ಸುಳ್ಳು.
5. ಆಯಿಲ್ ಮೇಲೇರಿದ ಕಡೆ ಥ್ರಾಟಲ್ ಹೆಚ್ಚು ಮುಚ್ಚಿದೆ ಎಂದರ್ಥ. ಸಿಂಕ್ ಸ್ಕ್ರೂ ನಿಧಾನಕ್ಕೆ ತಿರುಗಿಸಿ ಮಟ್ಟ ಸಮ ಮಾಡಿ. ಒಮ್ಮೆ ರೇಸ್ ಕೊಟ್ಟು ಬಿಟ್ಟು ಮತ್ತೆ ನೋಡಿ. ಕೊನೆಗೆ ಐಡ್ಲಿಂಗ್ ಸೆಟ್ ಮಾಡಿ.

ಡಯಲ್ ಗೇಜ್ ಆದರೆ?

ಅಗ್ಗದ ಎರಡು ಗೇಜ್‌ಗಳು ಒಂದೇ ರೀಡಿಂಗ್ ತೋರಿಸಲ್ಲ. ಟಿ-ಜೋಡಣೆ ಹಾಕಿ ಎರಡನ್ನೂ ಒಂದೇ ಪೋರ್ಟಿಗೆ ಕೊಟ್ಟು, ವ್ಯತ್ಯಾಸ ಬರೆದಿಟ್ಟುಕೊಳ್ಳಿ. ನಮ್ಮ ಊರು ಸಮುದ್ರ ಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿದೆ. ಇಲ್ಲಿನ ವಾಯುಭಾರ ಅಂದಾಜು 91.5 ಕಿಲೋಪಾಸ್ಕಲ್. ಗೇಜ್ ಹೊರಗಿನ ಗಾಳಿಗೆ ಹೋಲಿಸಿ ತೋರಿಸೋದರಿಂದ ಮ್ಯಾನ್ಯುವಲ್‌ನ ಅಂಕಿಗಿಂತ ಇಲ್ಲಿ ಕಡಿಮೆ ಬರಬಹುದು. ಗಾಬರಿ ಬೇಡ, ನಮಗೆ ಬೇಕಿರೋದು ಎರಡರ ನಡುವಿನ ಸಮತೋಲ. ಯು-ಟ್ಯೂಬ್‌ಗೆ ಈ ಎರಡು ತಲೆನೋವೂ ಇಲ್ಲ. ಮೇಲಾಗಿ ಪಾದರಸದ 1 ಮಿ.ಮೀ. ಇದರಲ್ಲಿ 15 ಮಿ.ಮೀ.ಗಿಂತ ಹೆಚ್ಚಾಗಿ ಕಾಣತ್ತೆ.

ಆರ್‌ಡಿ 350 ಇದ್ದವರಿಗೆ

1983ರಲ್ಲಿ ಬಂದ ರಾಜ್‌ದೂತ್ 350ಕ್ಕೂ ಎರಡು ಕಾರ್ಬುರೇಟರ್. ಆದರೆ ಅದು ಟೂಸ್ಟ್ರೋಕ್. ಅಲ್ಲಿ ಕೇಬಲ್ ಅಡ್ಜಸ್ಟರ್‌ನಿಂದ ಎರಡು ಸ್ಲೈಡ್‌ಗಳೂ ಒಟ್ಟಿಗೆ ಏಳುವಂತೆ, ಒಂದೇ ಎತ್ತರಕ್ಕೆ ಬರುವಂತೆ ಮಾಡೋದೇ ಸಿಂಕ್. ಈ ಪೈಪ್ ಬೇಕಾಗಲ್ಲ.

ಅಭ್ಯಾಸ

ಮಟ್ಟದ ವ್ಯತ್ಯಾಸ 14 ಸೆಂ.ಮೀ. ಇದ್ದರೆ ಒತ್ತಡದ ವ್ಯತ್ಯಾಸ ಎಷ್ಟು? (ಉತ್ತರ: ಸುಮಾರು 1.2 ಕಿಲೋಪಾಸ್ಕಲ್.) ಇನ್ನೊಂದು: ಇದೇ ಉಪಕರಣವನ್ನು 3 ಕಿ.ಮೀ.ಗೂ ಆಳದ ಚಾಂಪಿಯನ್ ರೀಫ್ ಗಣಿಯ ತಳಕ್ಕೆ ಒಯ್ದಿದ್ದರೆ, ಎಂಜಿನ್ ಆಫ್ ಇದ್ದಾಗ ಆಯಿಲ್ ಮಟ್ಟ ಬದಲಾಗುತ್ತಿತ್ತೇ? ಯೋಚಿಸಿ.