ನಾಲ್ಕು ವರ್ಷಕ್ಕೆ ಒಂದು ಗೇಣು: ಫಾಲ್ಟ್ ಜಾರುವ ವೇಗ ಅಳೆಯೋದು ಹೇಗೆ?

ಹಲಸೂರಿನಿಂದ ಕೆ.ಆರ್. ಪುರಂಗೆ ಮೆಟ್ರೋದಲ್ಲಿ ಹೋಗುವಾಗ ನಾವು ಚಲಿಸ್ತಿದ್ದೀವಿ, ಊರು ನಿಂತಿದೆ ಅಂದ್ಕೊಳ್ತೀವಿ. ಊರೂ ನಿಂತಿಲ್ಲ. ಐಐಎಸ್‌ಸಿ ಕ್ಯಾಂಪಸ್ಸಿನ ಜಿಪಿಎಸ್ ಸ್ಟೇಷನ್ ಪ್ರಕಾರ ಬೆಂಗಳೂರು ವರ್ಷಕ್ಕೆ ಸುಮಾರು 5.5 ಸೆಂ.ಮೀ. ಈಶಾನ್ಯಕ್ಕೆ ಸರಿಯುತ್ತೆ. ನಮ್ಮ ಬಿಇ ಮುಗಿಯುವಷ್ಟರಲ್ಲಿ ಒಂದು ಗೇಣು!

ಆದರೆ ಹಲಸೂರು ಮತ್ತು ಕೆ.ಆರ್. ಪುರಂ ನಡುವಿನ ದೂರ ಬದಲಾಗಲ್ಲ. ದಕ್ಷಿಣ ಭಾರತವೆಲ್ಲ ಹೆಚ್ಚುಕಮ್ಮಿ ಒಂದೇ ಗಟ್ಟಿ ತುಂಡಾಗಿ ಚಲಿಸುತ್ತೆ. ಅದಕ್ಕೇ ಬೆಂಗಳೂರನ್ನು ಸ್ಥಿರ ಬಿಂದು ಅಂತ ಇಟ್ಕೊಂಡು ಹಿಮಾಲಯ ಎಷ್ಟು ಒತ್ತಿಕೊಳ್ತಿದೆ ಅಂತ ಅಳೆಯಬಹುದು. ನೇಪಾಳದಲ್ಲಿ ಉತ್ತರ ವರ್ಷಕ್ಕೆ ಸುಮಾರು 2 ಸೆಂ.ಮೀ. ಅಲ್ಲಿ ಭಾರತದ ತಟ್ಟೆ ಒಂದು ದೊಡ್ಡ ಫಾಲ್ಟ್ ಮೂಲಕ, ಅಂದರೆ ಸ್ತರಭಂಗದ ಮೂಲಕ, ಹಿಮಾಲಯದ ಅಡಿಗೆ ನುಗ್ಗುತ್ತಿದೆ.

ಒಂದು ತೊಂದರೆ ಇದೆ. ಜಿಪಿಎಸ್ ಲೆಕ್ಕ ಕೆಲವೇ ದಶಕದ್ದು, ದೊಡ್ಡ ಭೂಕಂಪಗಳ ನಡುವೆ ಶತಮಾನಗಳೇ ಇರುತ್ತವೆ. ಒಂದು ದಿನದ ಅಟೆಂಡೆನ್ಸ್ ನೋಡಿ ಇಡೀ ಸೆಮಿಸ್ಟರ್ ಬಗ್ಗೆ ಹೇಳಿದ ಹಾಗೆ. ಹಾಗಾಗಿ ಹಳೆಯ ಗುರುತು ಬೇಕು. ಸೂತ್ರ ಸುಲಭ:

ಜಾರುವ ವೇಗ = ಒಟ್ಟು ಜಾರಿದ ದೂರ ÷ ಗುರುತಿನ ವಯಸ್ಸು

ಹಿಮಾಲಯದ ತಪ್ಪಲಲ್ಲಿ ಆ ಗುರುತು ಅಂದರೆ ನದಿಯ ಹಳೇ ಪಾತ್ರ. ಪ್ರತಿ ದೊಡ್ಡ ಭೂಕಂಪದಲ್ಲೂ ನೆಲ ಮೇಲೇಳುತ್ತೆ, ನದಿ ಮತ್ತೆ ಕೊರೆದು ಕೆಳಗಿಳಿಯುತ್ತೆ, ಹಳೇ ಪಾತ್ರ ಮೆಟ್ಟಿಲಿನಂತೆ ಮೇಲೆ ಉಳಿಯುತ್ತೆ. ಅದರಲ್ಲಿ ಸಿಕ್ಕ ಇದ್ದಿಲಿನ ಕಾರ್ಬನ್-14 ಅಳೆದರೆ ವಯಸ್ಸು ಗೊತ್ತಾಗುತ್ತೆ.

ಒಂದು ಲೆಕ್ಕ ಮಾಡೋಣ (ಅಂಕಿಗಳು ಅಭ್ಯಾಸಕ್ಕೆ ಮಾತ್ರ). ಮೆಟ್ಟಿಲು 90 ಮೀಟರ್ ಮೇಲೆದ್ದಿದೆ, ವಯಸ್ಸು 9,000 ವರ್ಷ. ಏರಿಕೆ ವರ್ಷಕ್ಕೆ 10 ಮಿ.ಮೀ. ಫಾಲ್ಟ್ 30 ಡಿಗ್ರಿ ಓರೆಯಾಗಿದ್ದರೆ sin 30 = 0.5, ಆದ್ದರಿಂದ ಜಾರುವ ವೇಗ 10 ÷ 0.5 = 20 ಮಿ.ಮೀ.

ಲಾವೆ ಮತ್ತು ಅವುವಾಕ್ ಎಂಬ ಫ್ರೆಂಚ್ ವಿಜ್ಞಾನಿಗಳು ನೇಪಾಳದ ಬಾಗ್ಮತಿ, ಬಕೇಯಾ ನದಿಗಳ ಮೆಟ್ಟಿಲುಗಳನ್ನು ಅಳೆದು 2000ನೇ ಇಸವಿಯಲ್ಲಿ ಪ್ರಕಟಿಸಿದ ಉತ್ತರ: ವರ್ಷಕ್ಕೆ ಸುಮಾರು 21 ಮಿ.ಮೀ. ಸಾವಿರಾರು ವರ್ಷದ ಲೆಕ್ಕವೂ ಜಿಪಿಎಸ್ ಲೆಕ್ಕವೂ ಹತ್ತಿರ ಹತ್ತಿರ ಒಂದೇ! ಅಂದರೆ ಇವತ್ತು ಕೂಡಿಕೊಳ್ತಿರೋ ಒತ್ತಡ ಎಲ್ಲೋ ಕರಗಿ ಹೋಗಲ್ಲ, ಹೆಚ್ಚಿನ ಪಾಲು ಮುಂದೆ ಇದೇ ಫಾಲ್ಟ್‌ನಲ್ಲಿ ಭೂಕಂಪವಾಗಿ ಹೊರಬರಬೇಕು.

ಪಶ್ಚಿಮ ನೇಪಾಳದಲ್ಲಿ ಕೊನೆಯ ಮಹಾ ಭೂಕಂಪ ಆಗಿದ್ದು 1505ರಲ್ಲಿ. 500 ವರ್ಷಕ್ಕೆ 2 ಸೆಂ.ಮೀ. ಅಂತೆ ಸುಮಾರು 10 ಮೀಟರ್ ಬಾಕಿ. ಎಲ್ಲಾ ಒಂದೇ ಸಲ ಜಾರುತ್ತೆ ಅಂತಲ್ಲ, ಯಾವಾಗ ಅಂತಲೂ ಈ ಲೆಕ್ಕ ಹೇಳಲ್ಲ. ಆದರೆ 2015ರ ನೇಪಾಳ ಭೂಕಂಪದಲ್ಲಿ ಸುಮಾರು 9,000 ಜನ ಸತ್ತರು, ಆಗಲೂ ಬಿರುಕು ತಪ್ಪಲಿನ ನೆಲದವರೆಗೆ ಬಂದಿರಲಿಲ್ಲ.

ಅದಕ್ಕೇ ಛೇದದ ಬಗ್ಗೆ ಹುಷಾರಾಗಿರಬೇಕು. ಸಿಕ್ಕ ಇದ್ದಿಲು ಮೆಟ್ಟಿಲಿಗಿಂತ ಹಳೇ ಮರದ್ದಾಗಿದ್ದರೆ ವಯಸ್ಸು ಜಾಸ್ತಿ ಬರುತ್ತೆ, ವೇಗ ಕಮ್ಮಿ ಕಾಣುತ್ತೆ, ಅಪಾಯವೂ ಕಮ್ಮಿ ಕಾಣುತ್ತೆ. ಆ ಅಂಕಿ ನಂಬಿ ಅಲ್ಲೊಂದು ಸ್ಕೂಲ್ ಕಟ್ಟಡ ಡಿಸೈನ್ ಮಾಡೋ ಇಂಜಿನಿಯರ್ ನಮ್ಮ ಕ್ಲಾಸಿನವರೇ ಆಗಿರಬಹುದು.